ಕೆಮ್ಮಿದವಳು ನಾನು, ಮಾತಾಡಿದವಳು ನಸೀಮಾ

ಸೀರೆ ಕಂಡು, ಬಂಗಾರ ಕಂಡು, ಇನ್ನೊಬ್ಬಳ ಗಂಡನ ಸಂಬಳ ಕಂಡು ಹೊಟ್ಟೆಕಿಚ್ಚು ಪಡುವವರನ್ನು ನೀವು ನೋಡಿರುತ್ತೀರಿ. ನಾನು ಹೊಟ್ಟೆಕಿಚ್ಚು ಪಟ್ಟದ್ದು ನಸೀಮಾಳ ಎಕ್ಸ್‌ರೇ ಕಂಡು. ಎರಡೂ ಶ್ವಾಸಕೋಶ ಸ್ವಚ್ಛ, ಎಲ್ಲೂ ಒಂದು ಕಲೆಯಿಲ್ಲ. ನನ್ನದರಲ್ಲಿ ಬಲಗಡೆ ಮೇಲುಭಾಗದಲ್ಲಿ ಬಿಳಿಯ ಮಚ್ಚೆ ಕೂತಿತ್ತು.

ನಾವಿಬ್ಬರೂ ಒಂದೇ ನರ್ಸಿಂಗ್ ಶಾಲೆಯಲ್ಲಿ ಓದಿ, ಸಿಂಧನೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದಕ್ಕೆ ಒಂದೇ ದಿನ ಸೇರಿದವರು. ಹೆಸರು ಬೇಡ. ಹತ್ತಾರು ಊರುಗಳಲ್ಲಿ ಶಾಖೆಗಳಿರುವ ಆಸ್ಪತ್ರೆ ಎಂದರೆ ಸಾಕು. ಇಬ್ಬರಿಗೂ ಗಂಡಸರ ವಾರ್ಡು ಸಿಕ್ಕಿತು. ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಭತ್ತದ ಗದ್ದೆಯವರು, ರೈಸ್ ಮಿಲ್ಲಿನ ಹಮಾಲರು, ಮಸ್ಕಿ ಕಡೆಯ ಮುದುಕರು, ಎಲ್ಲರೂ ನಮ್ಮ ಮುಖದ ಮೇಲೆಯೇ ಕೆಮ್ಮುತ್ತಿದ್ದರು. ಒಂದೇ ಗಾಳಿ ಉಸಿರಾಡಿದೆವು, ಒಂದೇ ಫ್ಲಾಸ್ಕಿನ ಚಹಾ ಕುಡಿದೆವು, ಬಿಡುವು ಸಿಕ್ಕಾಗ ಒಂದೇ ಮಂಚದ ಮೇಲೆ ಬೆನ್ನು ಚಾಚಿದೆವು. ರೋಗ ಮಾತ್ರ ನನ್ನನ್ನೇ ಆರಿಸಿಕೊಂಡಿತು. ಈ ಅನ್ಯಾಯವನ್ನು ನಾನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಮೂಗಿಗೆ ಬಿಗಿಯಾಗಿ ಕೂರುವ ಒಳ್ಳೆಯ ಮಾಸ್ಕುಗಳಿದ್ದವು. ಇದ್ದದ್ದು ಆಡಳಿತಾಧಿಕಾರಿಯ ಕೋಣೆಯ ಬೀರುವಿನಲ್ಲಿ. ಅವರನ್ನು ನಾವು ಅಡ್ಮಿನ್ ಸರ್ ಎನ್ನುತ್ತಿದ್ದೆವು. ಹೊರಗಿನಿಂದ ಪರಿಶೀಲನೆಗೆ ಯಾರಾದರೂ ಬರುವ ದಿನ ಬೀರು ತೆರೆಯುತ್ತಿತ್ತು, ನಮ್ಮ ಕೈಗೆ ಒಂದೊಂದು ಬರುತ್ತಿತ್ತು. ಬಂದವರು ಕಾರು ಹತ್ತಿದ ಮೇಲೆ ಬೀರುವಿಗೆ ಮತ್ತೆ ಕೀಲಿ. ಉಳಿದ ದಿನಗಳಲ್ಲಿ ಬಾಯಿಯ ಶಾಖಕ್ಕೇ ಒದ್ದೆಯಾಗಿ ಜೋಲುವ ತೆಳ್ಳನೆಯ ಹಸಿರು ಮಾಸ್ಕು. ಕೇಳಿದರೆ ಅಡ್ಮಿನ್ ಸರ್ ನಗುತ್ತಿದ್ದರು. "ನಾವೆಲ್ಲ ಒಂದು ಕುಟುಂಬ, ಸಿಸ್ಟರ್. ಮನೆಯಲ್ಲಿ ಎಲ್ಲ ಸಾಮಾನು ದಿನಾ ತೆಗೀತೀವಾ?" ಎನ್ನುತ್ತಿದ್ದರು. ಅವರ ಮಗಳು ಒಮ್ಮೆ ನೆಗಡಿಯಾದಾಗ ಅದೇ ಬೀರುವಿನ ಮಾಸ್ಕು ಹಾಕಿಕೊಂಡು ಬಂದಿದ್ದಳು. ಆ ಹುಡುಗಿಯ ಮೂಗಿನ ಮೇಲೂ ನನಗೆ ಹೊಟ್ಟೆಕಿಚ್ಚಾಗಿತ್ತು.

ರಜೆಯದೂ ಹಾಗೆಯೇ. ಜ್ವರ ಬಂದಿದೆ ಎಂದರೆ ಮೇಲಿನಿಂದ ಬರುತ್ತಿದ್ದ ಉತ್ತರ ಒಂದೇ: "ಅಡ್ಜಸ್ಟ್ ಮಾಡ್ಕೊಳ್ಳಿ." ಅಂದರೆ ನಿನ್ನ ಡ್ಯೂಟಿ ಮಾಡುವವಳನ್ನು ನೀನೇ ಹುಡುಕು, ಆಮೇಲೆ ಅವಳದನ್ನು ನೀನು ಮಾಡು. ಎಲ್ಲರೂ ಬೇರೆಯವರ ಡ್ಯೂಟಿ ತೀರಿಸುತ್ತಲೇ ಇದ್ದುದರಿಂದ ಹುಡುಕಿದರೂ ಯಾರೂ ಸಿಗುತ್ತಿರಲಿಲ್ಲ. ಹಾಗಾಗಿ ನಮ್ಮ ಸ್ಟಾಫ್ ರೂಮಿನ ಮೇಜಿಗೆ ಒಂದು ಡ್ರಾಯರ್ ಇತ್ತು. ಔಷಧ ಕಂಪನಿಯವರು ಡಾಕ್ಟರುಗಳಿಗೆ ಕೊಟ್ಟು ಹೋಗುವ ಸ್ಯಾಂಪಲ್ ಗುಳಿಗೆಗಳೆಲ್ಲ ಕೊನೆಗೆ ಅಲ್ಲಿ ಬಂದು ಬೀಳುತ್ತಿದ್ದವು. ತಲೆನೋವೇ, ಡ್ರಾಯರ್. ಭೇದಿಯೇ, ಡ್ರಾಯರ್. ಊರಿಗೆಲ್ಲ ಚಿಕಿತ್ಸೆ ಕೊಡುವ ಆಸ್ಪತ್ರೆಯಲ್ಲಿ ನಮ್ಮ ಡಾಕ್ಟರು ಆ ಡ್ರಾಯರ್.

ನನಗೆ ಕೆಮ್ಮು ಹಿಡಿದಾಗ ನಾನೂ ಅದರ ಹತ್ತಿರವೇ ಹೋದೆ. ರೋಗಿಗಳಿಗೆ ದಿನಾ ಕೊಟ್ಟು ಕೊಟ್ಟು ಯಾವ ಗುಳಿಗೆ ಎಷ್ಟು ಜೋರು ಎಂದು ಗೊತ್ತಿತ್ತಲ್ಲ, ಇದ್ದುದರಲ್ಲೇ ಜೋರಿನದನ್ನು ಆರಿಸಿ ನುಂಗಿದೆ. ಕೆಮ್ಮು ತಗ್ಗಿತು. ಮತ್ತೆ ಬಂತು. ಮತ್ತೆ ನುಂಗಿದೆ. ಮನೆಯಲ್ಲಿ ಕೂತ ಹೆಂಗಸಾಗಿದ್ದರೆ ಅಷ್ಟರಲ್ಲಿ ಯಾವುದಾದರೂ ಡಾಕ್ಟರ ಮುಂದೆ ಹೋಗಿ ಕೂತಿರುತ್ತಿದ್ದಳು. ನಾನು ಸಿಸ್ಟರ್, ನನಗೆ ಎಲ್ಲ ಗೊತ್ತಿತ್ತು.

ಆ ದಿನಗಳಲ್ಲೇ ನಾನು ತೆಳ್ಳಗಾಗತೊಡಗಿದೆ. ಜಂಪರು ಸಡಿಲವಾಯಿತು, ಬಳೆ ಮೊಣಕೈತನಕ ಏರಿತು. ವಾರ್ಡಿನಲ್ಲೆಲ್ಲ ಹೊಗಳಿಕೆಯೋ ಹೊಗಳಿಕೆ.

"ಯಾಕಬೇ ಮಾದೇವಿ, ಏನ್ ಮಾಡಾಕತ್ತಿ? ನನಗೂ ಹೇಳ," ಎಂದು ನಸೀಮಾ ನನ್ನ ಸೊಂಟ ಹಿಡಿದು ಕೇಳಿದಳು. "ನಾ ಬರೇ ನೀರು ಕುಡದ್ರೂ ದಪ್ಪ ಆಗಾಕತ್ತೀನಿ."

"ಏನಿಲ್ಲ, ಸಂಜಿಕಿ ರೊಟ್ಟಿ ಬಿಟ್ಟೀನಿ," ಎಂದೆ. ಬಿಟ್ಟಿರಲಿಲ್ಲ, ಸೇರುತ್ತಿರಲಿಲ್ಲ. ಆದರೆ ಅಷ್ಟು ವರ್ಷಗಳಲ್ಲಿ ಮೊದಲ ಸಲ ನಸೀಮಾ ನನ್ನನ್ನು ಕಂಡು ಕರುಬಿದ್ದಳು. ಆ ಸುಖವನ್ನು ನಾನು ಬಿಟ್ಟುಕೊಡಲು ತಯಾರಿರಲಿಲ್ಲ. ಕ್ಷಯ ನನ್ನ ಮೈ ತಿನ್ನುತ್ತಿತ್ತು, ನಾನು ಕನ್ನಡಿ ಮುಂದೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಸಂಜೆಯ ಜ್ವರ ಶುರುವಾದ ಮೇಲೆ ನನಗೇ ಅನುಮಾನ ಬಂತು. ಸಿಂಧನೂರಿನಲ್ಲಿ ತೋರಿಸಿದರೆ ಅರ್ಧ ಊರು ನನ್ನ ಗುರುತಿನದು. ಗಂಡನ ಮನೆ ಮಸ್ಕಿಯಲ್ಲಿ, ಅಲ್ಲಿಯೂ ಅದೇ ಕಥೆ. ಅದಕ್ಕೇ ನಮ್ಮನೆಯವರ ಬೈಕಿನ ಹಿಂದೆ ಕೂತು, ಮಸ್ಕಿ ದಾಟಿ ಲಿಂಗಸುಗೂರಿನ ಸರಕಾರಿ ಆಸ್ಪತ್ರೆಗೆ ಹೋದೆ. ನಮ್ಮನೆಯವರು ಅಮರೇಶ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವರು, ಮಾತು ಕಡಿಮೆ. ದಾರಿಯುದ್ದಕ್ಕೂ ನಾನು ಅವರ ಬೆನ್ನಿಗೆ ಮುಖವಿಟ್ಟು ಕೆಮ್ಮು ನುಂಗುತ್ತ ಕೂತಿದ್ದೆ.

ಅಲ್ಲಿಯ ಬೆಂಚಿನ ಮೇಲೆ ಕೂತಾಗ ಗೊತ್ತಾಯಿತು, ಕಾಯುವುದು ಎಂದರೆ ಏನೆಂದು. ಇಷ್ಟು ವರ್ಷ ನಾನು ಕರೆಯುವವಳಾಗಿದ್ದೆ. "ಕುಂದ್ರಿ, ಕರೀತೀವಿ" ಎಂದು ಎಷ್ಟು ಜನರಿಗೆ ಮುಖ ನೋಡದೆ ಹೇಳಿರಲಿಕ್ಕಿಲ್ಲ. ಈಗ ಬಾಗಿಲಿನ ಸಿಸ್ಟರು ನನ್ನ ಮುಖ ನೋಡದೆ ಅದೇ ಮಾತು ಹೇಳಿದಳು. ಅವಳು ಸರಕಾರಿ ನೌಕರಿಯವಳು, ಕಾಯಿಲೆ ಬಿದ್ದರೆ ರಜೆ ಸಿಗುವವಳು. ಅವಳ ಮೇಲೂ ಕಣ್ಣು ಬಿತ್ತು. ಪಕ್ಕದಲ್ಲಿ ಚಿನ್ನದ ಗಣಿಯ ಹಟ್ಟಿಯಿಂದ ಬಂದಿದ್ದ ಹಿರಿಯರೊಬ್ಬರು ಕೂತಿದ್ದರು. "ಹೆದರಬ್ಯಾಡ್ರವ್ವಾ, ನನ್ನ ಗುಳಿಗಿ ಇವತ್ತಿಗೆ ಮುಗದಾವ," ಎಂದು ತಾವಾಗಿಯೇ ಹೇಳಿದರು. ಸಮಾಧಾನಕ್ಕೆ ಹೇಳಿದ ಮಾತು. ನನಗೆ ಮಾತ್ರ, ಈ ಮುದುಕನದು ಮುಗಿದುಹೋಯಿತು, ನನ್ನದು ಇನ್ನೂ ಶುರುವೇ ಆಗಿಲ್ಲ ಎಂದು ಉರಿಯಿತು.

ಕಫ ಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರು ಮೊದಲು ಕೇಳಿದ್ದು, ಈ ಮೊದಲು ಏನು ತೆಗೆದುಕೊಂಡಿರಿ ಎಂದು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಸಿಸ್ಟರ್ ಅಂತೀರಿ, ನಿಮ್ಮ ಕೆಮ್ಮಿಗೆ ನೀವ ಡಾಕ್ಟರ್ ಆಗೀರಲ್ರೀ. ಆ ಗುಳಿಗಿ ಟಿ.ಬಿ.ನ ಮುಚ್ಚಿಟ್ಟೈತಿ, ವಾಸಿ ಮಾಡಿಲ್ಲ. ಇಷ್ಟು ದಿನ ಯಾರೂ ನೋಡಲಿಲ್ಲೇನು ನಿಮ್ಮ ಆಸ್ಪತ್ರ್ಯಾಗ?"

ಯಾರೂ ನೋಡಿರಲಿಲ್ಲ. ಅಷ್ಟು ಡಾಕ್ಟರುಗಳ ನಡುವೆ ಓಡಾಡುತ್ತ ಕೆಮ್ಮಿದವಳನ್ನು ಯಾರೂ ನಿಲ್ಲಿಸಿ ಕೇಳಿರಲಿಲ್ಲ.

ಹೊರಗೆ ಬಂದು ಹೇಳಿದಾಗ ನಮ್ಮನೆಯವರು ಬೈಕಿನ ಸೀಟನ್ನು ಕೈಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ, "ಪಾಪುಗೂ ನೋಡಸ್ಬೇಕೇನು?" ಎಂದರು. ಪಾಪು ಎಂದರೆ ನಮ್ಮ ಮಗಳು ಪೂಜಾ, ಆಗಷ್ಟೇ ಶಾಲೆಗೆ ಸೇರಿದ್ದಳು, ರಾತ್ರಿ ನನ್ನ ಕುತ್ತಿಗೆ ಹಿಡಿದುಕೊಂಡೇ ಮಲಗುತ್ತಿದ್ದಳು. ನನ್ನ ರೋಗಕ್ಕೆ ನಾನು ಅತ್ತದ್ದು ಆ ಪ್ರಶ್ನೆ ಕೇಳಿದ ಮೇಲೆಯೇ. ಅವಳ ಪರೀಕ್ಷೆ ಆಗಿ, ಏನೂ ಇಲ್ಲ ಎಂದು ಡಾಕ್ಟರು ಹೇಳುವವರೆಗೆ ನಾನು ಅನ್ನದ ತಟ್ಟೆ ಮುಟ್ಟಿದ ನೆನಪಿಲ್ಲ. ಅವಳಿಗೂ ಮುಂಜಾಗ್ರತೆಯ ಗುಳಿಗೆ ಕೊಟ್ಟರು. ಅದು ಸಿಹಿಯಾಗಿದೆ ಎಂದು ಸುಳ್ಳು ಹೇಳುತ್ತ ನಮ್ಮತ್ತೆ ದಿನಾ ನುಂಗಿಸಿದರು.

ಆಸ್ಪತ್ರೆಗೆ ಫೋನು ಮಾಡಿ, ಡ್ರಾಯರಿನ ಗುಳಿಗೆ ನುಂಗಿದ್ದನ್ನೂ ಮುಚ್ಚಿಡದೆ ತಿಳಿಸಿದೆ. ಅಡ್ಮಿನ್ ಸರ್ ದನಿ ಬಹಳ ಮೆತ್ತಗಿತ್ತು. "ಆರಾಮಾಗಿ ಬನ್ನಿ ಸಿಸ್ಟರ್, ನಾವೆಲ್ಲ ನಿಮ್ಮ ಜೊತೆಗಿದ್ದೇವೆ. ಆದರೆ ಇದು ನಮ್ಮಲ್ಲಿ ಬಂದದ್ದು ಅಂತ ಎಲ್ಲೂ ಹೇಳಬೇಡಿ. ನಿಮ್ಮ ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ವಿಚಾರಿಸಿ." ನನಗೆ ಬೇಕಿದ್ದದ್ದು ಒಂದೇ: ಔಷಧ ಮುಗಿಸಿ ನನ್ನ ವಾರ್ಡಿಗೆ ವಾಪಸ್ ಹೋಗುವುದು. ಅದರ ಬಗ್ಗೆ ಕೇಳಿದರೆ "ನೋಡೋಣ" ಎಂದರು.

ಸಿಂಧನೂರಿನ ಬಾಡಿಗೆ ಮನೆ ಬಿಟ್ಟು ಮಸ್ಕಿಯ ಮನೆಯ ಹೊರಕೋಣೆಗೆ ಬಂದೆ. ಎರಡು ಕಿಟಕಿ, ಗಾಳಿ ಧಾರಾಳ. ನಾನು ಹೊಟ್ಟೆಕಿಚ್ಚು ಪಟ್ಟ ಆ ಎಕ್ಸ್‌ರೇಯ ಫೋಟೊವನ್ನು ನಸೀಮಾ ನನ್ನ ಫೋನಿಗೆ ಕಳಿಸಿದ್ದು ಇಲ್ಲಿದ್ದಾಗಲೇ; ಜೊತೆಗೆ ದುಡಿದವಳೆಂದು ಅವಳೂ ತೆಗೆಸಿಕೊಂಡಿದ್ದಳು. ಗುಳಿಗೆ ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು, ಮೂತ್ರ ಕೇಸರಿ ಬಣ್ಣ, ಕೀಲುಗಳಲ್ಲಿ ನೋವು. ಎಲ್ಲಕ್ಕಿಂತ ದೊಡ್ಡ ನೋವು ಒಳಗಿನ ಕೋಣೆಯಿಂದ ಬರುತ್ತಿತ್ತು. ಪೂಜಾ ಈಗ ಅಜ್ಜಿಯ ಕುತ್ತಿಗೆ ಹಿಡಿದು ಮಲಗುತ್ತಿದ್ದಳು. ಅಜ್ಜಿ ಏನೋ ಕಥೆ ಹೇಳಿದರೆ ಅವಳು ನಗುವುದು ನನಗೆ ಕೇಳುತ್ತಿತ್ತು. ನಮ್ಮತ್ತೆ ನನಗಾಗಿ ಮಾಡಿದ್ದಕ್ಕೆ ಲೆಕ್ಕವಿಲ್ಲ, ಆದರೂ ಆ ನಗು ಕೇಳಿದಾಗ ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ.

ಓಣಿಯ ಹೆಂಗಸರು ಕಟ್ಟೆಗೆ ಬಂದು, ಸೊಸೆ ಯಾಕೆ ಹೊರಗೆ ಬರುವುದಿಲ್ಲ ಎಂದು ಸುತ್ತಿ ಬಳಸಿ ಕೇಳತೊಡಗಿದರು. ನಾನು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕೂತೆ. ನಮ್ಮತ್ತೆಗೆ ಸುತ್ತಿ ಬಳಸಿ ಬರುವುದಿಲ್ಲ.

"ಟಿ.ಬಿ. ಆಗೈತಿ ಅಕಿಗೆ," ಎಂದರು. "ನಮ್ಮ ಮನ್ಯಾಗ ಯಾರಿಗೂ ಇದ್ದಿಲ್ಲ. ಮಂದಿ ಕೆಮ್ಮಿನ ಮುಂದ ನಿಂತು ದುಡದಾಳ, ಅಲ್ಲಿಂದ ಬಂದೈತಿ. ಮುಚ್ಚಿಡಾಕ ಅಕಿ ಏನ್ ಕಳವು ಮಾಡ್ಯಾಳೇನು?"

ಅಷ್ಟು ದೊಡ್ಡ ಆಸ್ಪತ್ರೆಯ ಬಾಯಿಂದ ಬರದ ಮಾತು ಮಸ್ಕಿಯ ಕಟ್ಟೆಯ ಮೇಲೆ ಬಂತು. ಆ ಸಂಜೆ ನಾನು ಒಂದು ರೊಟ್ಟಿ ಪೂರ್ತಿ ತಿಂದೆ.

ಮರುದಿನವೇ ಆಸ್ಪತ್ರೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಫೋಟೊ ಬಂತು. ನಸೀಮಾಳ ಕೈಯಲ್ಲಿ ಹೂಗುಚ್ಛ, ಪಕ್ಕದಲ್ಲಿ ಅಡ್ಮಿನ್ ಸರ್. ನಮ್ಮ ವಾರ್ಡಿನ ಹೊಸ ಇನ್‌ಚಾರ್ಜ್ ಸಿಸ್ಟರ್. ಆ ಜಾಗ ನನಗೆ ಬರಬೇಕಿತ್ತು. ಹಳೆಯ ಇನ್‌ಚಾರ್ಜ್ ಹೋಗುವಾಗ ನನ್ನ ಹೆಸರು ಹೇಳಿ ಹೋಗಿದ್ದರು, ಅದು ನಸೀಮಾಳಿಗೂ ಗೊತ್ತಿತ್ತು. ಬೆರಳಿನಿಂದ ಫೋಟೊ ದೊಡ್ಡದು ಮಾಡಿ ಅವಳ ಮುಖ ನೋಡಿದೆ. ನಗುತ್ತಿದ್ದಾಳೋ ಇಲ್ಲವೋ ಎಂದು ನೋಡಿದೆ. ನಗುತ್ತಿದ್ದಳು. ಕೆನ್ನೆ ತುಂಬಿಕೊಂಡು, ಆರೋಗ್ಯವಾಗಿ ನಗುತ್ತಿದ್ದಳು. ಉಳಿದವರೆಲ್ಲ ಚಪ್ಪಾಳೆಯ ಚಿತ್ರ ಹಾಕಿದ್ದರು. ನಾನೂ ಒಂದು ಹಾಕಿ ಫೋನನ್ನು ದಿಂಬಿನ ಕೆಳಗೆ ತುರುಕಿದೆ.

ಕೆಲವು ವಾರಗಳಾದ ಮೇಲೆ ಅವಳೇ ಬಂದಳು, ಮಸ್ಕಿಗೆ, ಬಸ್ಸಿನಲ್ಲಿ. ಅಷ್ಟರಲ್ಲಿ ನನ್ನಿಂದ ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವಳ ಅಮ್ಮಿ ಮಾಡಿಕೊಟ್ಟ ಖರ್ಜೂರದ ಉಂಡೆಯ ಡಬ್ಬಿ ಕೈಯಲ್ಲಿತ್ತು. ಮುಖದ ಮೇಲೆ ಮಾಸ್ಕು ಇತ್ತು. ಬೀರುವಿನ ಮಾಸ್ಕು.

"ಬರ್ರೀ ಇನ್‌ಚಾರ್ಜ್ ಮೇಡಂ," ಎಂದೆ.

"ನಕ್ಕೊ ಬೇ. ಹಂಗ ಅನಬ್ಯಾಡ."

"ಮಾಸ್ಕ್ ಚಲೋ ಐತಿ. ಕೀಲಿ ನಿನ್ನ ಕೈಗೆ ಬಂತೇನು?"

"ಕೀಲಿ ಅವರ ಹತ್ರನ ಐತಿ. ನನಗ ಇದೊಂದ ಕೊಟ್ಟಾರ." ಅವಳು ಮಾಸ್ಕು ಕಳಚಿ ಮಡಿಚಿ ತೊಡೆಯ ಮೇಲಿಟ್ಟುಕೊಂಡಳು. ಕೆನ್ನೆಯ ಮೇಲೆ ಅದರ ಗೆರೆ ಮೂಡಿತ್ತು. "ಮಾದೇವಿ, ಒಂದು ಮಾತು ಹೇಳಾಕ ಬಂದೀನಿ. ಸೋಮವಾರ ಸ್ಟಾಫ್ ಮೀಟಿಂಗ್ ಐತಿ. ನೀ ಡ್ರಾಯರ್‌ನ್ಯಾಗಿನ ಗುಳಿಗಿ ಯಾರನ್ನೂ ಕೇಳದ ತಗೊಂಡಿ, ರೋಗ ಮುಚ್ಚಿಟ್ಟು ಡ್ಯೂಟಿ ಮಾಡಿದಿ ಅಂತ ನಾ ಎಲ್ಲರ ಮುಂದ ಹೇಳಬೇಕಂತ. ಇನ್‌ಚಾರ್ಜ್ ಬಾಯಿಂದ ಬಂದ್ರ ಸಾಕಂತ. ನಿನ್ನ ತಿರುಗಿ ತಗೊಳ್ಳೂದು ಬ್ಯಾಡ ಅಂತ ಮಾಡ್ಯಾರ."

"ನೀ ಏನ್ ಹೇಳ್ತಿ?"

"ಗೊತ್ತಿಲ್ಲ," ಎಂದಳು. "ತಂಗಿ ನಿಕಾ ಗೊತ್ತು ಮಾಡೀವಿ. ಅಬ್ಬಾಗ ಮಿಷನ್ ಮುಂದ ಕುಂದ್ರಾಕ ಆಗವಲ್ದು. ನಿನಗ ಎಲ್ಲಾ ಗೊತ್ತೈತಿ."

ಗೊತ್ತಿತ್ತು. ಅವಳ ಅಬ್ಬಾ ಹೊಲಿದುಕೊಟ್ಟ ಜಂಪರನ್ನೇ ಆಗ ನಾನು ಹಾಕಿಕೊಂಡಿದ್ದೆ. ಆದರೂ "ಹೋಗಿ ಹೇಳ ಹಂಗಾರ. ಹೂಗುಚ್ಛ ಸುಮ್ನ ಕೊಟ್ಟಾರೇನು?" ಎಂದುಬಿಟ್ಟೆ. ಅವಳು ಡಬ್ಬಿಯನ್ನು ಕಿಟಕಿಯಲ್ಲಿಟ್ಟು, ನಮ್ಮತ್ತೆಗೆ ಹೇಳಿ ಹೋದಳು. ಆ ಉಂಡೆ ನಾನು ಮುಟ್ಟಲಿಲ್ಲ. ಪೂಜಾ ಒಂದೊಂದಾಗಿ ಎಲ್ಲ ತಿಂದು, "ನಸೀಮಾ ಆಂಟಿ ಮತ್ತ ಯಾವಾಗ ಬರ್ತಾರ?" ಎಂದು ಕೇಳುತ್ತಿದ್ದಳು.

ಸೋಮವಾರ ನಾನು ಫೋನನ್ನು ಕೈಯಿಂದ ಕೆಳಗಿಡಲಿಲ್ಲ. ನನ್ನ ನೌಕರಿ ಅಲ್ಲಿ ಅವಳ ನಾಲಿಗೆಯ ಮೇಲಿತ್ತು, ನಾನು ಇಲ್ಲಿ ಹೊರಕೋಣೆಯಲ್ಲಿ ಕೂತಿದ್ದೆ. ಮಧ್ಯಾಹ್ನ ನಮ್ಮ ವಾರ್ಡಿನ ಕಿರಿಯ ಸಿಸ್ಟರ್ ರೇಣುಕಾ ಫೋನು ಮಾಡಿದಳು. ಮೆಟ್ಟಿಲ ಕೆಳಗೆ ನಿಂತು ಪಿಸುಮಾತಿನಲ್ಲಿ ಹೇಳಲು ಶುರುಮಾಡಿದವಳು ಬರಬರುತ್ತ ಪಿಸುಗುಡುವುದನ್ನೇ ಮರೆತಳು.

"ಅಕ್ಕಾ, ನಸೀಮಕ್ಕ ಡ್ರಾಯರ್ ಕಿತ್ತು ತಂದಾರ್ರೀ."

"ಏನ್ ತಂದಾಳ?"

"ಡ್ರಾಯರ್ ರೀ. ಸ್ಟಾಫ್ ರೂಮಿನ ಮೇಜಿಂದ ಇಡೀ ಡ್ರಾಯರ್ ಎಳಕೊಂಡು, ಎರಡೂ ಕೈಲೆ ಹೊತ್ಕೊಂಡು ಬಂದು ಅಡ್ಮಿನ್ ಸರ್ ಮುಂದ ಇಟ್ರು. ಸರ್ ಕೇಳಿದ್ರು, ಇದೇನು ಸಿಸ್ಟರ್ ಅಂತ. ಇದು ನಮ್ಮ ಆಸ್ಪತ್ರಿ ಸರ್ ಅಂದ್ರು. ಮಾದೇವಿ ಇದರಾಗಿಂದ ತಗೊಂಡಾಳ, ಖರೇ ಐತಿ. ನಾನೂ ತಗೊಂಡೀನಿ, ಹೋದ ತಿಂಗಳ ಜ್ವರಕ್ಕ. ರಜಾ ಕೇಳಿದ್ರ ಅಡ್ಜಸ್ಟ್ ಅಂತೀರಿ, ಜ್ವರ ಅಡ್ಜಸ್ಟ್ ಆಗಂಗಿಲ್ಲ. ಇದರಾಗಿಂದ ಒಂದೂ ಗುಳಿಗಿ ನುಂಗದವರು ಕೈ ಎತ್ರಿ ಅಂದ್ರು."

"ಯಾರು ಎತ್ತಿದ್ರು?"

"ಯಾರೂ ಎತ್ತಲಿಲ್ರೀ. ಡ್ಯೂಟಿ ಡಾಕ್ಟರೂ ಕೆಳಗ ನೋಡ್ಕೊಂತ ಕುಂತಿದ್ರು. ಆಮ್ಯಾಲ ನಸೀಮಕ್ಕ, ಬೀರು ತೆಗೀರಿ ಸರ್, ಇಲ್ಲಾಂದ್ರ ಇವತ್ತು ಯಾರೂ ವಾರ್ಡಿಗೆ ಹೋಗಂಗಿಲ್ಲ ಅಂದ್ರು. ಇನ್‌ಚಾರ್ಜ್ ಬ್ಯಾಡ್ಜ್ ಬಿಚ್ಚಿ ಡ್ರಾಯರ್‌ನ್ಯಾಗ ಹಾಕಿಬಿಟ್ರು. ನಾನೂ ಎದ್ದು ನಿಂತೆ ಅಕ್ಕಾ. ಎಲ್ಲಾರೂ ನಿಂತ್ರು."

ನನ್ನ ನೌಕರಿ ಉಳಿಯಿತು ಎಂದು ಆಗಲೇ ಗೊತ್ತಾಯಿತು. ಆ ಡ್ರಾಯರಿಗಾಗಿ ನನ್ನನ್ನು ತೆಗೆದರೆ ಆಸ್ಪತ್ರೆಯನ್ನೇ ಖಾಲಿ ಮಾಡಬೇಕಿತ್ತು. ಸಂತೋಷಪಡಬೇಕಾದ ಹೊತ್ತು. ನಿಜ ಹೇಳುತ್ತೇನೆ, ನನಗೆ ಮೈಯೆಲ್ಲ ಉರಿಯಿತು. ಎಷ್ಟೋ ಮಧ್ಯಾಹ್ನ ಈ ಕಿಟಕಿಯ ಪಕ್ಕ ಮಲಗಿ, ಅಡ್ಮಿನ್ ಸರ್ ಎದುರು ಏನೇನು ಅನ್ನಬೇಕೆಂದು ಮಾತು ಜೋಡಿಸಿಟ್ಟಿದ್ದೆ. ಆ ಡ್ರಾಯರ್ ಹೊತ್ತುಕೊಂಡು ಹೋಗಬೇಕಾದವಳು ನಾನು. ಕಫ ಉಗುಳಿದವಳು ನಾನು, ಮಗಳನ್ನು ದೂರ ಮಲಗಿಸಿದವಳು ನಾನು. ಎಲ್ಲರೂ ಎದ್ದು ನಿಂತದ್ದು ಅವಳ ಮಾತಿಗೆ. ಅವಳು ಹೇಡಿಯಾಗಿದ್ದರೆ ನನಗೆ ಎಷ್ಟೋ ಸುಲಭವಿತ್ತು. ಹೂಗುಚ್ಛದ ಬಗ್ಗೆ ಅಂದ ಮಾತು ನೆನಪಾಗಿ ಫೋನು ಮಾಡಿದೆ. "ಉಂಡಿ ತಿಂದಿಯೇನು?" ಎಂದಳು. "ಚಲೋ ಇದ್ವು," ಎಂದೆ. ಅಷ್ಟೇ ಮಾತು.

ಬೀರು ತೆರೆಯಿತು. ವಾರ್ಡಿನ ಬಾಗಿಲಲ್ಲಿ ಮಾಸ್ಕಿನ ಪೆಟ್ಟಿಗೆ ತೂಗಿತು. ಆ ತಿಂಗಳೇ ನಸೀಮಾಳನ್ನು ಲಿಂಗಸುಗೂರಿನಲ್ಲಿರುವ ಆಸ್ಪತ್ರೆಯ ಸಣ್ಣ ಕ್ಲಿನಿಕ್ಕಿಗೆ ಹಾಕಿದರು, ಇನ್‌ಚಾರ್ಜ್ ಅಲ್ಲ, ಬರೀ ಸಿಸ್ಟರ್. "ನಿಮ್ಮ ಅನುಭವ ಅಲ್ಲಿಗೆ ಬೇಕು" ಎಂದು ಅಡ್ಮಿನ್ ಸರ್ ಮತ್ತೊಂದು ಹೂಗುಚ್ಛ ಕೊಟ್ಟರಂತೆ. ಅವಳು ದಿನಾ ಸಿಂಧನೂರಿನಿಂದ ಬಸ್ಸಿನಲ್ಲಿ ಮಸ್ಕಿಯ ಮೇಲೆಯೇ ಹಾದುಹೋಗುತ್ತಿದ್ದಳು.

ನನಗೆ ಗುಳಿಗೆ ಮುಗಿಯುವ ಮೊದಲೇ ಕೆಲಸಕ್ಕೆ ಬರಬಹುದು ಎಂದು ಚೀಟಿ ಸಿಕ್ಕಿತು. ಮೊದಲ ದಿನ ವಾರ್ಡಿನ ಬಾಗಿಲಲ್ಲಿ ನಿಂತು ಪೆಟ್ಟಿಗೆಗೆ ಕೈ ಹಾಕಿದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನಗೆ ತಿಳಿಸಿಕೊಟ್ಟಳು: "ಅದು ನಸೀಮಾ ಡಬ್ಬಿ ರೀ ಅಕ್ಕಾ. ಖಾಲಿ ಆದ್ರ ಕೇಳ್ರಿ, ತುಂಬ್ತಾರ." ರೋಗ ನನ್ನದು, ಡಬ್ಬಿಗೆ ಹೆಸರು ಅವಳದು. ಮಾಸ್ಕು ಹಾಕಿಕೊಂಡೆ. ಒಳಗೆ ನಾನು ಹಲ್ಲು ಕಡಿದದ್ದು ಯಾರಿಗೂ ಕಾಣಲಿಲ್ಲ. ಅದೂ ಒಂದು ಅನುಕೂಲ.

ಕೊನೆಯ ತಪಾಸಣೆಗೆ ಲಿಂಗಸುಗೂರಿಗೆ ಹೋದ ದಿನ ನಸೀಮಾಳಿಗೆ ಹೇಳಿದ್ದೆ. ಡಾಕ್ಟರು ಮುಗಿಯಿತು ಎಂದರು. ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಇಬ್ಬರೂ ಮಿರ್ಚಿ ಬಜ್ಜಿ ಮುಂದಿಟ್ಟುಕೊಂಡು ಕೂತೆವು. ಮಾಸ್ಕಿನ ಡಬ್ಬಿಯ ಕಥೆ ಹೇಳಿ, "ನಿನ್ನ ಕಂಡ್ರ ನನಗ ಹೊಟ್ಟಿ ಉರೀತೈತಿ ನೋಡ," ಎಂದೆ. ಅವಳು ನಕ್ಕಳು. ನಗುತ್ತ ನಗುತ್ತ ಕೆಮ್ಮಿದಳು. ಬಜ್ಜಿಯ ಖಾರ ಎಂದುಕೊಂಡೆ. ಇನ್ನೂ ಕೆಮ್ಮಿದಳು.

ನನ್ನ ಕೈಯಲ್ಲಿದ್ದ ಬಜ್ಜಿ ತಟ್ಟೆಗೆ ಬಿತ್ತು. "ಎಂದಿಂದ ಐತಿ ಇದು?"

"ಬಸ್ಸಿನ ಧೂಳು ಬೇ. ದಿನಾ ಓಡಾಡ್ತೀನಲ್ಲ."

"ಗುಳಿಗಿ ತಗೊಂಡಿಯೇನು?"

ಅವಳು ನೀರಿನ ಲೋಟ ತಿರುಗಿಸುತ್ತ ಕೂತಳು. "ಅಲ್ಲೂ ಒಂದು ಡ್ರಾಯರ್ ಐತಿ," ಎಂದಳು.

ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಡ್ಯೂಟಿ ಇದೆ ಎಂದಳು, ಅಡ್ಜಸ್ಟ್ ಮಾಡ್ಕೋ ಎಂದೆ. ಅದೇ ಸರಕಾರಿ ಆಸ್ಪತ್ರೆ, ಅದೇ ಬೆಂಚು. ಬಾಗಿಲಿನ ಸಿಸ್ಟರು ಮುಖ ನೋಡದೆ "ಕುಂದ್ರಿ, ಕರೀತೀವಿ" ಎಂದಳು. ಎಕ್ಸ್‌ರೇ ತೆಗೆದರು, ಕಫ ಕೊಟ್ಟೆವು, ಕಾದೆವು. ನಸೀಮಾ ತಂಗಿಯ ನಿಕಾದ ಮಾತು ಆಡುತ್ತಲೇ ಇದ್ದಳು, ಅವಳ ಕೈ ತಣ್ಣಗಾಗಿತ್ತು. ನಾನು ಆ ಬೆಂಚಿನ ಮೇಲೆ ಕೂತು ಬೇಡಿಕೊಂಡೆ. ಇವಳ ಇನ್‌ಚಾರ್ಜ್ ಇವಳಿಗೇ ವಾಪಸ್ ಸಿಗಲಿ, ಡಬ್ಬಿಯ ಹೆಸರು ಇವಳದೇ ಇರಲಿ, ಎದ್ದು ನಿಂತವರೆಲ್ಲ ಇವಳಿಗಾಗಿಯೇ ನಿಂತದ್ದಾಗಲಿ. ಆ ಶ್ವಾಸಕೋಶ ಮಾತ್ರ ನಾನು ಹೊಟ್ಟೆಕಿಚ್ಚು ಪಡುವ ಹಾಗೆಯೇ ಇರಲಿ.

ಬಿಸಿಲು ಇಳಿಯುವ ಹೊತ್ತಿಗೆ ಕರೆದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು, ಕಫದ ಫಲಿತಾಂಶವನ್ನೂ ನೋಡಿದರು. "ಏನೂ ಇಲ್ಲ. ಧೂಳಿನ ಕೆಮ್ಮು," ಎಂದರು. "ಡ್ರಾಯರ್‌ನ ಗುಳಿಗಿ ಬಿಡ್ರಿ, ಮುಂದಿನ ತಿಂಗಳ ಇನ್ನೊಮ್ಮೆ ಬಂದು ತೋರಿಸ್ರಿ."

ನಾನು ಡಾಕ್ಟರ ಕೈಯಿಂದ ಆ ಎಕ್ಸ್‌ರೇ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದೆ. ಎರಡೂ ಕಡೆ ಸ್ವಚ್ಛ, ಎಲ್ಲೂ ಒಂದು ಕಲೆಯಿಲ್ಲ. ನನ್ನದರಲ್ಲಿ ವಾಸಿಯಾದ ಗಾಯದ ಗುರುತು ಸಾಯುವತನಕ ಇರುತ್ತದೆ. ನಸೀಮಾ ಹಿಂದೆ ಬಂದು ನಿಂತಳು.

"ಯಾಕ ಅಳಾಕತ್ತಿ? ಚಲೋ ಐತಿ ಅಂದ್ರಲ್ಲ."

"ಅದಕ್ಕ," ಎಂದೆ. ಹಳೆಯ ಹೊಟ್ಟೆಕಿಚ್ಚು ಎದೆಯಲ್ಲಿ ತನ್ನ ಜಾಗಕ್ಕೆ ಬಂದು ಕೂತಿತ್ತು. ಅದು ವಾಪಸ್ ಬಂದದ್ದಕ್ಕೆ ನಾನು ಅಳುತ್ತಿದ್ದೆ.